ಟೋಪಿ ಸಾಹೇಬನ ಮುಖ

ಆ ಹಲ್ಲಿ ನಾಲ್ಕು ಬೆರಳು ಆಚೆ ಸರಿದು ಹಿಕ್ಕೆ ಹಾಕಿದ್ದರೆ ಪರಮಣ್ಣನ ಶನಿವಾರ ಉಳಿದ ಶನಿವಾರಗಳ ಹಾಗೆಯೇ ತೂಕಡಿಕೆಯಲ್ಲಿ ಕಳೆದುಹೋಗುತ್ತಿತ್ತು. ಅದು ಹಾಕಿದ್ದು ಟೋಪಿ ಸಾಹೇಬನ ಮೂಗಿನ ಮೇಲೆ.

ಟೋಪಿ ಸಾಹೇಬ ಅಂದರೆ ಮನುಷ್ಯನಲ್ಲ, ಪಟ. ಸುರಪುರದ ದರಬಾರ ಚಿತ್ರಶಾಲೆಯಲ್ಲಿ ದೇವರು, ರಾಜರು, ಆನೆ, ಬೇಟೆ ಎಲ್ಲ ಸೇರಿ ನಲವತ್ತು ಹಳೆಯ ಪಟಗಳಿದ್ದವು. ಅವುಗಳ ನಡುವೆ ಇವನೊಬ್ಬನೇ ಪರದೇಶಿ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ದರಬಾರಿಗೆ ಬಂದುಹೋದ ಹಾಲೆಂಡ್ ದೇಶದ ವ್ಯಾಪಾರಿಯನ್ನು ಆಸ್ಥಾನದ ಚಿತ್ರಗಾರ ಎದುರು ಕೂಡಿಸಿಕೊಂಡು ಬರೆದದ್ದು ಎಂದು ಕೆಳಗೆ ಅಂಟಿಸಿದ ಚೀಟಿ ಹೇಳುತ್ತಿತ್ತು. ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂಥ ಕರಿ ಟೋಪಿ, ಅದಕ್ಕೊಂದು ಗರಿ. ಮೈಮೇಲೆ ಕೆಂಪು ನಿಲುವಂಗಿ, ಕೈಯಲ್ಲಿ ಮೂಸಿ ನೋಡಲು ಎತ್ತಿ ಹಿಡಿದ ಗುಲಾಬಿ. ಕಾಲ ಬುಡದಲ್ಲಿ ಯಜಮಾನನ ಮುಖವನ್ನೇ ನೋಡುತ್ತ ಕುಳಿತ ಬಿಳಿ ನಾಯಿ. ಸುತ್ತ ಅಂಚಿಗೆಲ್ಲ ಬಂಗಾರದ ರೇಕು.

ಪರಮಣ್ಣ ಆ ಚಿತ್ರಶಾಲೆಯ ಜವಾನ. ರಂಗಂಪೇಟೆಯ ಮನೆಯಿಂದ ಮುಂಜಾನೆ ಸೈಕಲ್ಲಿನಲ್ಲಿ ಬಂದು ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಟೋಪಿ ಸಾಹೇಬನ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದು, ಸಂಜೆ ಕೀಲಿ ಹಾಕಿ ಹೋಗುವುದು ಅವನ ನೌಕರಿ. ಹನ್ನೊಂದು ವರ್ಷದಿಂದ ಟೆಂಪರರಿ. ಚಿತ್ರಶಾಲೆಯ ಸಮಿತಿಗೆ ಕಾರ್ಯದರ್ಶಿಯಾಗಿದ್ದವರು ರಿಟೈರಾದ ಹೆಡ್‌ಮಾಸ್ತರ್ ಮರಿಲಿಂಗಪ್ಪನವರು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಯಾರನ್ನು ಕಂಡರೂ ಮನೆಪಾಠ ಮಾಡಿಲ್ಲದ ಹುಡುಗನನ್ನು ಕಂಡಂತೆ ನೋಡುತ್ತಿದ್ದರು. ಅಂಥವರು ಈ ತಿಂಗಳು ಬಾಯಿಬಿಟ್ಟು, ಪರಮಣ್ಣನನ್ನು ಕಾಯಂ ಮಾಡುವ ಕಾಗದವನ್ನು ಸಮಿತಿಯ ಮುಂದೆ ಇಡುತ್ತೇನೆ ಎಂದಿದ್ದರು.

ಮುಂಜಾನೆ ಒಂಬತ್ತಕ್ಕೆ ಅವರದೇ ಫೋನು ಬಂತು. ಟೋಪಿ ಸಾಹೇಬನ ಮರಿಮೊಮ್ಮಗಳ ಮೊಮ್ಮಗಳೋ ಏನೋ ಆಗಬೇಕಾದ ಮಾರ್ಗ್ರೀತ್ ಎಂಬ ಹೆಣ್ಣುಮಗಳು ಹಾಲೆಂಡಿನಿಂದ ಬಂದಿದ್ದಾಳೆ, ಯಾದಗಿರಿಯಲ್ಲಿ ರೈಲು ಇಳಿದಿದ್ದಾಳೆ, ಕಲಬುರಗಿಯ ಪ್ರೊಫೆಸರ್ ಸುಮಲತಾ ಮೇಡಂ ಆಕೆಯನ್ನು ಶಹಾಪುರದ ಮೇಲಿಂದ ಕರೆದುಕೊಂಡು ನಾಲ್ಕು ಗಂಟೆಗೆ ಬರುತ್ತಾರೆ. ಫೋಟೋ ತೆಗೆಯುವಾಗ ಗಾಜು ಹೊಳೆಯುತ್ತದೆ, ಆದ್ದರಿಂದ ಪಟ ಇಳಿಸಿ ಗಾಜು ತೆಗೆದಿಡಬೇಕು. "ಪಟದ ಮ್ಯಾಲ ಒಂದು ಚಿಕ್ಕಿ ಕಂಡ್ರ ನಿನ್ನ ಕಾಯಂ ಕಾಗದ ಅಲ್ಲೇ ಹರೀತೀನಿ" ಎಂದು ಹೇಳಿ ಮಾಸ್ತರು ಫೋನು ಇಟ್ಟರು.

ಪರಮಣ್ಣ ಪಟ ಇಳಿಸಿದ. ಹೊಗೆ ಹಿಡಿದು ಚಹಾದ ಬಣ್ಣಕ್ಕೆ ತಿರುಗಿದ್ದ ಗಾಜನ್ನು ಬಿಚ್ಚಿದ. ಹಿಕ್ಕೆ ಇದ್ದದ್ದು ಗಾಜಿನ ಮೇಲಲ್ಲ, ಒಳಗೆ. ಚೌಕಟ್ಟಿನ ಸಂದಿಯಲ್ಲಿ ನುಗ್ಗಿದ ಹಲ್ಲಿ ತನ್ನ ಕೆಲಸವನ್ನು ಸಾಹೇಬನ ಮೂಗಿನ ತುದಿಯ ಮೇಲೆಯೇ ಮುಗಿಸಿಕೊಂಡು ಹೋಗಿತ್ತು. ಒಣಬಟ್ಟೆಯಿಂದ ಒರೆಸಿದ, ಹೋಗಲಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದ, ಅದು ಇನ್ನೂ ಗಟ್ಟಿಯಾಗಿ ಕೂತಿತು.

ಅಷ್ಟೊತ್ತಿಗೆ ಪಕ್ಕದ ಮನೆಯ ಮಲ್ಲಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಮಲ್ಲಾಬಾಯಿಗೆ ಅರವತ್ತು ವರ್ಷ. ಯಾರ ಮನೆಯಲ್ಲಿ ಏನು ಕೆಟ್ಟರೂ ಅದಕ್ಕೆ ಅವಳ ಹತ್ತಿರ ಔಷಧ ಇರುತ್ತಿತ್ತು. ತಾಮ್ರದ ತಂಬಿಗೆಯ ಕಲೆ ಹೋಗುವುದು ಹುಣಸೆಹಣ್ಣಿಗೆ, ಪಟದ ಕಲೆಯೂ ಅದಕ್ಕೇ ಹೋಗುತ್ತದೆ ಎಂದು ಅವಳು ಹೇಳಿದಳು, ಹೇಳಿ ಸುಮ್ಮನಿರದೆ ಮನೆಯಿಂದ ಒಂದು ಬಟ್ಟಲಲ್ಲಿ ಹುಳಿ ಕಿವುಚಿಕೊಂಡೂ ಬಂದಳು. ಪರಮಣ್ಣ ಬಟ್ಟೆಯ ತುದಿ ಅದ್ದಿ ಸಾಹೇಬನ ಮೂಗಿಗೆ ಒತ್ತಿದ.

ಹಿಕ್ಕೆ ಹೋಯಿತು. ಮೂಗೂ ಹೋಯಿತು.

ಮೂಗಿನ ಜಾಗದಲ್ಲಿ ಬೆಳ್ಳಗೆ ತೂತು ಬಿದ್ದಂತೆ ಕಾಣತೊಡಗಿದ್ದನ್ನು ಸರಿ ಮಾಡಲು ಅವನು ಗಲ್ಲದ ಬಣ್ಣವನ್ನು ಈಚೆ ಎಳೆದ. ಗಲ್ಲ ಅಳಿಸಿತು. ಈ ಗಲ್ಲಕ್ಕೆ ಸಮವಾಗಲೆಂದು ಆ ಗಲ್ಲ ಎಳೆದ. ಮಲ್ಲಾಬಾಯಿ "ಇನ್ನಾ ಸಣ್ಣ ತಿಕ್ಕಪ್ಪಾ, ತಿಕ್ಕಿದಂಗ ಹೊಳಪು ಬರ್ತದ" ಎಂದು ಪಕ್ಕದಲ್ಲಿ ನಿಂತು ಧೈರ್ಯ ಕೊಡುತ್ತಲೇ ಇದ್ದಳು. ಹತ್ತೂವರೆಯ ಹೊತ್ತಿಗೆ ಟೋಪಿಯ ಕೆಳಗಿನಿಂದ ಕಾಲರಿನ ಮೇಲಿನ ತನಕ ಸಾಹೇಬ ಕೋರಾ ಕಾಗದವಾಗಿದ್ದ. ಟೋಪಿ ಇತ್ತು, ಅಂಗಿ ಇತ್ತು, ಹೂವಿತ್ತು, ಮೂಸುವವನು ಇರಲಿಲ್ಲ. ನಾಯಿ ಮಾತ್ರ ನಿಷ್ಠೆಯಿಂದ ಇನ್ನೂ ಅಲ್ಲೇ ನೋಡುತ್ತಿತ್ತು.

ಮಲ್ಲಾಬಾಯಿ ಬಟ್ಟಲು ಎತ್ತಿಕೊಂಡು, ಒಲೆಯ ಮೇಲೆ ಬೇಳೆ ಇಟ್ಟು ಬಂದದ್ದು ಈಗ ನೆನಪಾಯಿತು ಎಂದು ಹೊರಟುಹೋದಳು.

ಅವಳ ಜಾಗಕ್ಕೆ ಎದುರಿನ ಚಹಾದಂಗಡಿಯ ಅಯಾಜ್ ಬಂದ. ಪಟ ನೋಡಿದ ಅವನಿಗೆ ಗಾಬರಿಯೇನೂ ಆಗಲಿಲ್ಲ. ಫೋನಿನಲ್ಲಿ ಇಲ್ಲದ ಮುಖವೇ ಇಲ್ಲ, ಒಂದು ಹಾಲೆಂಡಿನ ಮುಖ ಹುಡುಕಿ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಅಂಟಿಸಿದರೆ ಮುಗಿಯಿತು ಅಂದ. ಇಬ್ಬರೂ ಕೂಡಿ ಹುಡುಕಿದರು. ಸಿಕ್ಕವನು ಯಾವನೋ ಚೆಂಡಾಟದವನು, ಗೋಲು ಹೊಡೆದ ಸಂತೋಷಕ್ಕೆ ಬಾಯಿ ಅಗಲಿಸಿ ಕೂಗುತ್ತಿದ್ದ. ಝೆರಾಕ್ಸ್ ಅಂಗಡಿಯವನು ತೆಗೆದುಕೊಟ್ಟ ಮುಖ ನಾಯಿಗಿಂತ ದೊಡ್ಡದಾಗಿತ್ತು. ಸಣ್ಣದು ಮಾಡಿಕೊಡು ಅಂದರೆ ಹುಣಸೆಬೀಜದಷ್ಟು ಮಾಡಿಕೊಟ್ಟ. ಮೂರನೆಯದು ಬರೋಬರಿ ಬಂತು. ಆದರೆ ಹಳೆಯ ಬಂಗಾರದ ರೇಕಿನ ನಡುವೆ ಅದು ಮಿರಮಿರ ಮಿಂಚಿ, ಇನ್ನೂರು ವರ್ಷದ ಹಿಂದಿನ ಸಾಹೇಬ ಗುಲಾಬಿಯನ್ನು ಮೂಸುವ ಬದಲು ನುಂಗಲು ಬಾಯಿ ತೆರೆದಂತೆ ಕಂಡಿತು.

ಪರಮಣ್ಣ ಅದನ್ನು ಕಿತ್ತು ಕಿಸೆಗೆ ಹಾಕಿಕೊಂಡು ಪೇಂಟರ್ ಬಬ್ಲುವಿನ ಕಡೆಗೆ ಸೈಕಲ್ ಹೊಡೆದ.

ಬಬ್ಲು ಬಸ್‌ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಹುಲಿ ಬರೆಯುತ್ತಿದ್ದ. ಅವನ ಅಪ್ಪನೂ ಪೇಂಟರನೇ. ಸುರಪುರದಲ್ಲಿ ಓಡಾಡುವ ಅರ್ಧ ಆಟೋಗಳ ಬೆನ್ನಿನ ಮೇಲಿನ ನವಿಲು ಇವರ ಮನೆಯದು. ಪರಮಣ್ಣ ಅವನ ಕೈಕಾಲು ಹಿಡಿದು, ಹುಲಿಗೆ ಇನ್ನೂ ಬಾಲ ಬರೆಯುವುದಿತ್ತು, ಅಷ್ಟಕ್ಕೇ ಬಿಡಿಸಿ ಕರೆದುಕೊಂಡು ಬಂದ.

ಬಬ್ಲು ಪಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮುಖ ಹೇಗಿತ್ತು ಎಂದು ಕೇಳಿದ.

ಪರಮಣ್ಣ ಯೋಚಿಸಿದ. ಹನ್ನೊಂದು ವರ್ಷ ಆ ಮುಖದ ಕೆಳಗೆ ಕೂತಿದ್ದ. ಆದರೆ ಕೂತಾಗ ಬೆನ್ನು ಅದರ ಕಡೆಗೆ ಇರುತ್ತಿತ್ತು, ಎದ್ದಾಗ ಗಾಜಿನ ಮೇಲಿನ ಹೊಗೆಯೇ ಕಾಣುತ್ತಿತ್ತು. ಕಣ್ಣು ಮುಚ್ಚಿ ನೆನಪಿಸಿಕೊಂಡರೆ ನಾಯಿಯ ಮುಖ ಬಂತು, ಸಾಹೇಬನದು ಬರಲಿಲ್ಲ. ಕಡೆಗೆ, ಎರಡು ಕಣ್ಣು ಒಂದು ಮೂಗು ಇದ್ದದ್ದು ಖರೆ ಎಂದ.

"ಅಣ್ಣಾ, ಅಂದಾಜಿನ ಮ್ಯಾಲ ಬರಿಯೋದು ನನ್ನ ಕಡಿಂದ ಆಗಂಗಿಲ್ಲ" ಅಂದ ಬಬ್ಲು. "ದೇವರಾದ್ರ ಕಣ್ಣು ಮುಚ್ಚಿ ಬರೀತೀನಿ, ಹುಲಿ ಆದ್ರೂ ಬರೀತೀನಿ. ಮನಷ್ಯಾ ಅಂದ್ರ ಎದುರಿಗೆ ಕುಂತಿರಬೇಕು. ಯಾರನ್ನರ ಕುಂದರಸು."

ಕೂರುವವರು ಯಾರು? ಅಯಾಜ್‌ಗೆ ಅಂಗಡಿ ಇತ್ತು. ಮಲ್ಲಾಬಾಯಿಯ ಬೇಳೆ ಇನ್ನೂ ಬೆಂದಿರಲಿಲ್ಲ. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಪರಮಣ್ಣನೇ ಬಾಗಿಲ ಬೆಳಕಿಗೆ ಕುರ್ಚಿ ಹಾಕಿಕೊಂಡು, ಹಣೆಯ ಮೇಲಿನ ವಿಭೂತಿ ಒರೆಸಿಕೊಂಡು, ತಲೆಯ ಮೇಲೆ ಟೋಪಿಯ ಬದಲು ಬಕೀಟು ಬೋರಲು ಹಾಕಿಕೊಂಡು ಕೂತ. ಹೂವಿನ ಬದಲು ಕೈಗೊಂದು ಕಸಬರಿಗೆಯ ಕಡ್ಡಿ. ಹಾದುಹೋಗುವವರೆಲ್ಲ ಬಾಗಿಲಲ್ಲಿ ನಿಂತು ಇಣುಕಿದರು. ಯಾರೋ ಒಬ್ಬ, ಪಾಪ, ಟೆಂಪರರಿ ನೌಕರಿ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡು ಎಂದು ಹೇಳಿ ಮುಂದೆ ಹೋದ.

ಒಂದೂವರೆಗೆ ಬಬ್ಲು ಕುಂಚ ಕೆಳಗಿಟ್ಟ. ಬಣ್ಣ ಮಾತ್ರ ಹಾಲೆಂಡಿಗೆ ಸರಿಹೋಗುವಂತೆ ಕೆಂಪು ಬೆರೆಸಿ ಗಜ್ಜರಿಯಂತೆ ಹಚ್ಚಿದ್ದ. ಉಳಿದದ್ದೆಲ್ಲ ಎದುರಿಗಿದ್ದ ಹಾಗೆಯೇ ಇಳಿದಿತ್ತು. ಪರಮಣ್ಣನ ದಪ್ಪ ಮೀಸೆ, ಎಡಗೆನ್ನೆಯ ನರೂಲಿ, ಕೂಡಿದ ಹುಬ್ಬು. ಅದಕ್ಕೂ ಮೇಲೆ, ಒಂದೂವರೆ ತಾಸು ಅವನ ಮುಖದ ಮೇಲೆ ಕೂತಿದ್ದ ಫಿಕರೂ ಹಾಗೆಯೇ ಬಂದುಬಿಟ್ಟಿತ್ತು. ಕೈಯಲ್ಲಿ ಗುಲಾಬಿ, ಕಾಲ ಬುಡದಲ್ಲಿ ನಾಯಿ, ಮುಖದ ಮೇಲೆ ಮೆಮೋ ಬಂದವನ ಕಳೆ.

ಇದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಪರಮಣ್ಣ ತನಗೆ ತಾನೇ ಹೇಳಿಕೊಳ್ಳುತ್ತಿರುವಾಗಲೇ ಹೆಂಡತಿ ನಾಗಲಕ್ಷ್ಮಿ ರೊಟ್ಟಿಯ ಬುತ್ತಿ ತಂದಳು. ಬುತ್ತಿ ಕೆಳಗಿಟ್ಟು, ಗೋಡೆಗೆ ಆನಿಸಿದ್ದ ಪಟವನ್ನು ನೋಡಿದಳು.

"ನೀವು ಈ ನಾಯಿ ಕೂಡ ಯಾವಾಗ ಫೋಟೋ ತೆಗೆಸ್ಕೊಂಡ್ರಿ?" ಎಂದಳು.

ಪರಮಣ್ಣ ಬುತ್ತಿ ಬದಿಗೆ ಸರಿಸಿ ಬಬ್ಲುವಿನ ಕಡೆ ತಿರುಗಿದ. ಪಟದ ಬಣ್ಣ ಇನ್ನೂ ಹಸಿಯಾಗಿತ್ತು, ಅದರಲ್ಲಿ ತಿದ್ದಲು ಬಬ್ಲು ಒಪ್ಪಲಿಲ್ಲ. ಬಾಲವಿಲ್ಲದ ಹುಲಿ ಕಾಯುತ್ತಿದೆ ಎಂದು ಹೋಗಿಯೇಬಿಟ್ಟ. ಪಟ ತಿದ್ದಲು ಬರುವುದಿಲ್ಲವೆಂದರೆ ತಿದ್ದಬೇಕಾದದ್ದು ಇನ್ನೊಂದು ಮುಖ. ಪರಮಣ್ಣ ಕೀಲಿ ಹಾಕಿ, ಹಜಾಮನ ಅಂಗಡಿಗೆ ಹೋಗಿ, ಮೀಸೆ ತೆಗಿ ಅಂದ.

ಹಜಾಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಪರಮಣ್ಣನ ಮೀಸೆ ಸುರಪುರದಲ್ಲಿ ಸಣ್ಣ ಆಸ್ತಿಯಲ್ಲ. ಅಂಥ ಮೀಸೆಯನ್ನು ಮನುಷ್ಯ ತೆಗೆಸುವುದು ಒಂದೇ ಒಂದು ಕಾರಣಕ್ಕೆ. ನೊರೆ ಹಚ್ಚಿ, ದನಿ ಇಳಿಸಿ, ಸೈದಾಪುರದಲ್ಲಿಯೇ ಏನು ಎಂದು ಕೇಳಿದ. ಸೈದಾಪುರದಲ್ಲಿ ಪರಮಣ್ಣನ ಅಪ್ಪ ಬಸಲಿಂಗಪ್ಪ ಇದ್ದ. ಹಜಾಮ ಏನು ಕೇಳುತ್ತಿದ್ದಾನೆ ಎಂಬುದರ ಕಡೆ ಪರಮಣ್ಣನಿಗೆ ಲಕ್ಷ್ಯವಿರಲಿಲ್ಲ. ಬಾಯಿಗೆ ನೊರೆ ಹೋಗದ ಹಾಗೆ "ಹೂಂ" ಅಂದ. ಯಾವಾಗ ಎಂದು ಹಜಾಮ ಕೇಳಿದ. ನಾಲ್ಕು ಗಂಟೆಗೆ ಎಂದು ಪರಮಣ್ಣ ನಾಲ್ಕು ಬೆರಳು ತೋರಿಸಿದ.

ಹಜಾಮ ಕೂಲಿ ತೆಗೆದುಕೊಳ್ಳಲಿಲ್ಲ. ಅವನ ಕಣ್ಣಲ್ಲಿ ನೀರು ಯಾಕಿತ್ತು ಎಂಬುದು ಪರಮಣ್ಣನಿಗೆ ಚಿತ್ರಶಾಲೆಗೆ ಬಂದ ಮೇಲೆ ತಿಳಿಯಿತು. ಬಾಗಿಲಲ್ಲಿ ಹನ್ನೆರಡು ಮಂದಿ ನಿಂತಿದ್ದರು. ಅಯಾಜ್ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಿದ್ದ. ಮಲ್ಲಾಬಾಯಿ ಬೇಳೆ ಇಳಿಸಿ ಬಂದಿದ್ದಳು. ಬಸಲಿಂಗಪ್ಪ ಮುಂಜಾನೆ ನಾಲ್ಕಕ್ಕೆ ತೀರಿದನಂತೆ, ಮಗ ಯಾರಿಗೂ ಹೇಳದೆ ನೌಕರಿಗೆ ಬಂದು ಪಟ ಒರೆಸುತ್ತಿದ್ದನಂತೆ, ಅದಕ್ಕೇ ಬೆಳಗ್ಗೆ ಅವನ ಕೈ ಅಷ್ಟು ನಡುಗುತ್ತಿತ್ತು ಎಂದು ಅವಳು ಎಲ್ಲರಿಗೂ ವಿವರಿಸುತ್ತಿದ್ದಳು. ಪರಮಣ್ಣ ಬಾಯಿ ತೆರೆಯುವ ಮೊದಲೇ ನಾಗಲಕ್ಷ್ಮಿ ಓಡುತ್ತ ಬಂದಳು.

"ಮಾವ ಹೋದದ್ದು ನನಗೊಂದು ಮಾತು ಹೇಳದ, ಬಕೀಟು ಹಾಕ್ಕೊಂಡು ಪಟ ಬರೆಸ್ಕೋತ ಕುಂತಿದ್ರಿ" ಎಂದು ಅವಳು ಅಳತೊಡಗಿದಳು.

ಅಪ್ಪ ಜೀವಂತ ಇದ್ದಾನೆ ಎಂದು ಪರಮಣ್ಣ ಹೇಳಿದ. ಯಾರೂ ನಂಬಲಿಲ್ಲ. ದುಃಖದಲ್ಲಿ ಹಾಗೇ ಅನ್ನಿಸುತ್ತದೆ ಎಂದು ಒಬ್ಬರು ಬೆನ್ನು ಸವರಿದರು. ಹಾಗಾದರೆ ಮೀಸೆ ಯಾಕೆ ತೆಗೆಸಿದೆ ಎಂದು ಇನ್ನೊಬ್ಬರು ಕೇಳಿದರು. ಅದಕ್ಕೆ ಉತ್ತರ ಅವನ ಹತ್ತಿರ ಇತ್ತು, ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಮರಿಲಿಂಗಪ್ಪ ಮಾಸ್ತರು ಕರಿ ಕೋಟು ಹಾಕಿಕೊಂಡು ಬಂದರು. ಜೀವಮಾನದಲ್ಲಿ ಮೊದಲ ಸಲ ಅವರು ಪರಮಣ್ಣನ ಹೆಗಲ ಮೇಲೆ ಕೈ ಇಟ್ಟರು. ಇಂಥ ದಿನವೂ ಕೆಲಸ ಬಿಡದ ನೌಕರನನ್ನು ತಾನು ನೋಡಿಲ್ಲ, ಕಾಗದ ಈ ಸೋಮವಾರವೇ ಸಮಿತಿಯ ಮುಂದೆ ಬರುತ್ತದೆ ಅಂದರು.

ಪರಮಣ್ಣ ಅಪ್ಪನ ವಿಷಯ ಎತ್ತುವುದನ್ನು ಅಲ್ಲಿಗೆ ನಿಲ್ಲಿಸಿದ.

ನಾಲ್ಕೂ ಹತ್ತಕ್ಕೆ ಕಾರು ಬಂತು. ಸುಮಲತಾ ಮೇಡಂ ಇಳಿದರು. ಅವರ ಹಿಂದೆ ಎತ್ತರಕ್ಕೆ, ತೆಳ್ಳಗೆ, ಎಪ್ಪತ್ತು ದಾಟಿದ ಮಾರ್ಗ್ರೀತ್ ಇಳಿದರು. ಬಿಸಿಲಿಗೆ ಅವರ ಮುಖ ಬಬ್ಲು ಹಚ್ಚಿದ ಬಣ್ಣಕ್ಕೇ ಬಂದಿತ್ತು. ಮಲ್ಲಾಬಾಯಿ ಅವರನ್ನು "ಬಾ ಮಾರಗವ್ವ" ಎಂದು ಕೈಹಿಡಿದು ಒಳಗೆ ಕರೆತಂದಳು. ಮೊದಲ ಸಾಲಿನ ಕುರ್ಚಿಗಳಲ್ಲಿ ಸಮಿತಿಯ ಹಿರಿಯರು ಕೂತರು. ಅವರ ಜೊತೆ ಪರಮಣ್ಣನಿಗಿಂತ ಮೊದಲು ಅಲ್ಲಿ ಜವಾನನಾಗಿದ್ದು ರಿಟೈರಾದ ಚನ್ನಯ್ಯನನ್ನೂ ಗೌರವಕ್ಕೆಂದು ಕರೆದು ಕೂಡಿಸಿದ್ದರು. ಹಲ್ಲು ಉದುರಿ, ತಲೆ ಬೋಳಾಗಿ, ಚನ್ನಯ್ಯ ದೊಡ್ಡ ಕಿವಿಗಳ ನಡುವೆ ಮುದುರಿಕೊಂಡು ಕೂತಿದ್ದ.

ಕಾರ್ಯಕ್ರಮ ಸುರುವಾಗುವ ಮೊದಲು ಮಾಸ್ತರು ಎದ್ದು, ನಮ್ಮ ಪರಮಣ್ಣನ ತೀರ್ಥರೂಪರಿಗಾಗಿ ಎಲ್ಲರೂ ಎರಡು ನಿಮಿಷ ಮೌನ ಆಚರಿಸಬೇಕು ಎಂದರು. ಎಲ್ಲರೂ ನಿಂತರು. ಮೇಡಂ ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದ ಮೇಲೆ ಮಾರ್ಗ್ರೀತ್ ಕೂಡ ತಲೆ ಬಾಗಿಸಿ ನಿಂತರು. ಒಂದು ನಿಮಿಷ ಕಳೆದಿರಬೇಕು, ಪರಮಣ್ಣನ ಕಿಸೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ತೆಗೆದು ನೋಡಿದರೆ ತೀರ್ಥರೂಪರೇ. ಮೂಲೆಗೆ ಸರಿದು ಕಿವಿಗೆ ಹಚ್ಚಿದ.

"ಏನೋ, ಮಧ್ಯಾನದಿಂದ ಇಪ್ಪತ್ತು ಮಂದಿ ಫೋನ್ ಮಾಡಿ ನನ್ನ ಮಣ್ಣು ಯಾವಾಗ ಅಂತ ನನಗ ಕೇಳಾಕತ್ಯಾರ" ಎಂದಿತು ಸೈದಾಪುರದ ದನಿ. "ಯಾವಾಗ ಅಂತ ಹೇಳಬೇಕು?"

ಐದು ನಿಮಿಷ ಬಿಟ್ಟು ಹೇಳ್ತೀನಿ ಎಂದು ಪರಮಣ್ಣ ಫೋನು ಕಟ್ ಮಾಡಿದ. ಅವನು ಇತ್ತ ತಿರುಗಿದಾಗ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ಮಾಸ್ತರು ಮೌನವನ್ನು ಇನ್ನೊಂದು ನಿಮಿಷ ಮುಂದುವರಿಸಿದರು.

ಆಮೇಲೆ ಪಟದ ಮೇಲಿನ ಬಟ್ಟೆ ಸರಿಸಿದರು. ಪರಮಣ್ಣ ಕಂಬದ ಹಿಂದೆ ನಿಂತು ಅಂಗೈಯಿಂದ ನರೂಲಿ ಮುಚ್ಚಿಕೊಂಡ. ಸುಮಲತಾ ಮೇಡಂ ಪಟದ ಹತ್ತಿರ ಹೋದರು, ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು.

ಮೇಡಂ ತಿರುಗಿ ಮಾತಾಡತೊಡಗಿದರು. ಇಪ್ಪತ್ತು ವರ್ಷದಿಂದ ತಾನು ಹೇಳುತ್ತ ಬಂದದ್ದಕ್ಕೆ ಇಂಥ ಸಾಕ್ಷಿ ಇನ್ನೆಲ್ಲೂ ಸಿಕ್ಕಿರಲಿಲ್ಲ ಎಂದರು. ನಮ್ಮ ದರಬಾರಿನ ಚಿತ್ರಗಾರರಿಗೆ ಪರದೇಶಿ ಅಂದರೆ ಅವನ ಟೋಪಿ, ಅವನ ಬೂಟು, ಅವನ ನಾಯಿ. ಅದೆಲ್ಲ ಹೊಸದು, ಆದ್ದರಿಂದ ಕಣ್ಣಿಟ್ಟು ನೋಡಿ ಒಂದೊಂದು ಗುಂಡಿಯನ್ನೂ ಬಿಡದೆ ಬರೆಯುತ್ತಿದ್ದರು. ಮುಖಕ್ಕೆ ಬಂದಾಗ ಮಾತ್ರ ಕೈ ತನಗೆ ಪರಿಚಯವಿದ್ದ ಮುಖದ ಕಡೆಗೇ ಹೋಗುತ್ತಿತ್ತು. "ಇಲ್ಲಿ ನೋಡ್ರಿ, ಟೋಪಿ ಹಾಲೆಂಡಿಂದು, ಮುಖ ನಮ್ಮ ಸುರಪುರದ್ದು. ಈ ಹುಬ್ಬು, ಈ ಮೀಸಿ, ಈ ಚಿಂತಿ, ಇದು ವ್ಯಾಪಾರಿ ಚಿಂತಿ ಅಲ್ಲ. ಪಾಪ, ಆ ಚಿತ್ರಗಾರ ತನ್ನ ಮನಿಯವ್ರನ್ನ ಯಾರನ್ನೋ ನೋಡಿ ಬರೆದಾನ."

ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಗಟ್ಟಿಯಾಗಿ ನಾಗಲಕ್ಷ್ಮಿ ಹೊಡೆದಳು. ಪರಮಣ್ಣ ನರೂಲಿಯ ಮೇಲಿನ ಕೈ ಇಳಿಸಿದ. ಹಲ್ಲಿ ಹಿಕ್ಕೆ ಹಾಕಿದ್ದೂ ಒಳ್ಳೆಯದೇ ಆಯಿತು ಎಂಬಲ್ಲಿಯ ತನಕ ಅವನ ಮನಸ್ಸು ಹೋಯಿತು.

ಮಾರ್ಗ್ರೀತ್ ಮಾತ್ರ ಚಪ್ಪಾಳೆ ಹೊಡೆದಿರಲಿಲ್ಲ. ಅವರು ಕೈಚೀಲದಿಂದ ಒಂದು ಲಕೋಟೆ ತೆಗೆದರು, ಲಕೋಟೆಯಿಂದ ಒಂದು ಫೋಟೋ ತೆಗೆದರು. ನಲವತ್ತು ವರ್ಷದ ಹಿಂದೆ ಅವರ ಅಪ್ಪ ಇದೇ ಕೋಣೆಗೆ ಬಂದು, ಇದೇ ಪಟದ ಬಣ್ಣದ ಫೋಟೋ ತೆಗೆದುಕೊಂಡು ಹೋಗಿದ್ದನಂತೆ. ಮೇಡಂ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಪರಮಣ್ಣ ಕಂಬವನ್ನು ಅಪ್ಪಿಕೊಂಡಿದ್ದ.

ಫೋಟೋ ಕೈಯಿಂದ ಕೈಗೆ ಹೋಯಿತು. ಅದೇ ಟೋಪಿ, ಅದೇ ಗರಿ, ಅದೇ ಗುಲಾಬಿ, ಅದೇ ನಾಯಿ. ಮುಖ ಬೇರೆ. ಇಳಿಬಿದ್ದ ತೆಳು ಮೀಸೆ, ಗಿಡ್ಡ ಮೂಗು, ಟೋಪಿಯ ಎರಡೂ ಕಡೆ ಮೊರದಂತೆ ಚಾಚಿದ ಕಿವಿ. ಮೊದಲ ಸಾಲಿನಲ್ಲಿ ಅದು ಚನ್ನಯ್ಯನ ಕೈಗೆ ಬಂತು. ಚನ್ನಯ್ಯ ನೋಡಿದ. ನೋಡಿ, ಹೆಗಲ ಮೇಲಿನ ಟವೆಲ್ಲನ್ನು ತಲೆಯ ಮೇಲಿಂದ ಹೊದ್ದು ಎರಡೂ ಕಿವಿ ಮುಚ್ಚಿಕೊಂಡ. ಕಂಬದ ಹಿಂದಿನಿಂದ ಪರಮಣ್ಣ ಒಮ್ಮೆ ಫೋಟೋ ನೋಡಿದ, ಒಮ್ಮೆ ಚನ್ನಯ್ಯನನ್ನು ನೋಡಿದ. ಹಲ್ಲು ಕೊಟ್ಟು, ಕೂದಲು ಕೊಟ್ಟು, ನಲವತ್ತು ವರ್ಷ ಹಿಂದಕ್ಕೆ ಕೊಟ್ಟರೆ ಅವನೇ ಇವನು. ಹನ್ನೊಂದು ವರ್ಷ ತಾನು ಬೆನ್ನು ಹಾಕಿ ಕೂತಿದ್ದದ್ದು ಹಾಲೆಂಡಿನ ವ್ಯಾಪಾರಿಗಲ್ಲ, ಚನ್ನಯ್ಯನಿಗೆ.

ಬೇರೆ ಯಾರಿಗೂ ಹೊಳೆಯಲಿಲ್ಲ. ಮೇಡಂ ಫೋಟೋವನ್ನು ಪಟದ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಅವರ ಮುಖ ಅರಳುತ್ತ ಬಂತು. ಇಂಥದ್ದನ್ನು ಜೋಡಿ ಪಟ ಅನ್ನುತ್ತಾರೆ ಎಂದರು. ಬಂದವನು ಒಬ್ಬನಲ್ಲ, ಇಬ್ಬರು, ಪ್ರಾಯಶಃ ಅಣ್ಣತಮ್ಮಂದಿರು. ಚಿತ್ರಗಾರ ಇಬ್ಬರಿಗೂ ಒಂದೇ ಟೋಪಿ, ಒಂದೇ ನಾಯಿ ಕೊಟ್ಟು ಬೇರೆ ಬೇರೆ ಪಟ ಬರೆದಿದ್ದಾನೆ. ಇದನ್ನು ಕೇಳಿ ಮಾರ್ಗ್ರೀತ್‌ಗೆ ಅಳುವೇ ಬಂತು. ಅವರ ಮನೆಯ ಹಳೆಯ ಕಾಗದಗಳಲ್ಲಿ ಒಬ್ಬ ತಮ್ಮ ಹಿಂದೂಸ್ತಾನಕ್ಕೆ ಹೋಗಿ ತಿರುಗಿ ಬರಲಿಲ್ಲ ಎಂದು ಬರೆದಿದೆಯಂತೆ. ಆ ತಮ್ಮನ ಮುಖವನ್ನು ಇವತ್ತು ಮೊದಲ ಸಲ ನೋಡಿದೆ ಎಂದು ಅವರು ಪಟದ ಮುಂದೆ ಕೈ ಜೋಡಿಸಿದರು. ಮಲ್ಲಾಬಾಯಿ ಅವರ ಕಣ್ಣು ಒರೆಸಿದಳು.

ಆಮೇಲೆ ಮೇಡಂ ಮಾಸ್ತರ ಕಡೆ ತಿರುಗಿ, ಆ ಇನ್ನೊಂದು ಪಟ ಎಲ್ಲಿದೆ ಎಂದು ಕೇಳಿದರು.

ಮಾಸ್ತರು ಪರಮಣ್ಣನನ್ನು ನೋಡಿದರು. ಹೆಗಲ ಮೇಲೆ ಕೈ ಇಟ್ಟ ಮರಿಲಿಂಗಪ್ಪನವರು ಅಲ್ಲಿರಲಿಲ್ಲ, ಹೆಡ್‌ಮಾಸ್ತರ್ ಮರಳಿ ಬಂದಿದ್ದರು. ಕಪಾಟಿನಿಂದ ಹಳೆಯ ದಫ್ತರ ತರಿಸಿದರು. ಚನ್ನಯ್ಯ ರಿಟೈರಾಗುವಾಗ ಪರಮಣ್ಣನಿಗೆ ಒಪ್ಪಿಸಿದ ಪಟಗಳ ಪಟ್ಟಿ ಅದರಲ್ಲಿತ್ತು, ಕೆಳಗೆ ಪರಮಣ್ಣನ ಸಹಿ ಇತ್ತು. ಹದಿನೇಳನೇ ಸಾಲಿನಲ್ಲಿ "ಟೋಪಿ ಸಾಹೇಬನ ಪಟ" ಎಂದು ಬರೆದಿತ್ತು. ಅದರ ಮುಂದೆ "ಗಳು" ಇತ್ತೋ ಇಲ್ಲವೋ ಹೇಳಲು ಬರುತ್ತಿರಲಿಲ್ಲ, ಸರಿಯಾಗಿ ಆ ಜಾಗದಲ್ಲಿ ಹುಳ ತಿಂದು ತೂತು ಬಿದ್ದಿತ್ತು.

"ಅಪ್ಪ ಸತ್ತ ದಿನ ಏನೂ ಅನ್ನಬಾರದು ಅಂತ ಸುಮ್ಮನ ಅದೀನಿ" ಎಂದರು ಮಾಸ್ತರು. "ಸೋಮವಾರ ಮುಂಜಾನಿ ಆ ಪಟ ಈ ಗೋಡಿ ಮ್ಯಾಲ ಇರಬೇಕು. ಇಲ್ಲಂದ್ರ ಕಾಯಂ ಕಾಗದ ಅಲ್ಲ, ಪೊಲೀಸ್ ಕಾಗದ ಬರೀತೀನಿ."

ಪರಮಣ್ಣ ಬಾಯಿ ತೆರೆದ. ಎರಡೂ ಒಂದೇ ಪಟ ಎಂದು ಹೇಳಿದರೆ ಹಾಳು ಮಾಡಿದವನಾಗುತ್ತಾನೆ. ಹೇಳದಿದ್ದರೆ ಕದ್ದವನಾಗುತ್ತಾನೆ. ಎರಡರಲ್ಲಿ ಯಾವುದಕ್ಕೆ ಶಿಕ್ಷೆ ಕಡಿಮೆ ಎಂದು ಅವನಿಗೆ ಗೊತ್ತಿರಲಿಲ್ಲ, ಬಾಯಿ ಮುಚ್ಚಿದ. ಮೊದಲ ಸಾಲು ನೋಡಿದರೆ ಚನ್ನಯ್ಯನ ಕುರ್ಚಿ ಖಾಲಿಯಾಗಿತ್ತು. ಉಪ್ಪಿಟ್ಟಿನ ಪೊಟ್ಟಣ ಕೊಡುವ ಮೊದಲೇ ಚನ್ನಯ್ಯ ಎದ್ದು ಹೋದದ್ದು ಆ ಚಿತ್ರಶಾಲೆಯ ಇತಿಹಾಸದಲ್ಲಿ ಅದೇ ಮೊದಲು.

ಅತಿಥಿಗಳು ಹೋದ ಮೇಲೆ ಪರಮಣ್ಣ ಬಾಗಿಲು ಹಾಕಿ ನೆಟ್ಟಗೆ ಚನ್ನಯ್ಯನ ಮನೆಗೆ ಹೋದ. ಹೊತ್ತು ಇನ್ನೂ ಇಳಿದಿರಲಿಲ್ಲ. ಚನ್ನಯ್ಯ ಕಟ್ಟೆಯ ಮೇಲೆ ಟವೆಲ್ಲು ಹೊದ್ದು ಕೂತಿದ್ದವನು, ಇವನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಕಾಕಾ, ನೀ ಏನರೆ ಹೇಳಬೇಕು" ಅಂದ ಪರಮಣ್ಣ.

ಚನ್ನಯ್ಯ ಹೇಳಿದ. ಅವನ ಕಾಲದಲ್ಲಿ ಹಲ್ಲಿ ಅಲ್ಲ, ಮಾಳಿಗೆ ಸೋರಿತ್ತು. ಒಂದೇ ಹನಿ, ಸರಿಯಾಗಿ ಗದ್ದದ ಮೇಲೆ. ಧೋತರದ ಅಂಚಿನಿಂದ ಒರೆಸಲು ಹೋದ. ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಆಗಿನ ಪೇಂಟರ್ ಬಬ್ಲುವಿನ ಅಪ್ಪ, ಅವನೂ ಎದುರಿಗೆ ಕೂತರೆ ಮಾತ್ರ ಬರೆಯುವವನು. ಬಕೀಟು ಆಗ ಕಬ್ಬಿಣದ್ದು, ಕುತ್ತಿಗೆ ನಾಲ್ಕು ದಿನ ನೋವಾಗಿತ್ತು. ಮರುತಿಂಗಳೇ ಯಾವನೋ ಪರದೇಶಿ ಬಂದು ಫೋಟೋ ಹೊಡೆದುಕೊಂಡು ಹೋದ, ತಾನು ಪಕ್ಕದಲ್ಲೇ ನಿಂತಿದ್ದೆ, ಅವನಿಗೆ ಗೊತ್ತಾಗಲಿಲ್ಲ ಅಂದ.

ಅಷ್ಟಾದರೂ ಆಯಿತಲ್ಲ ಎಂದು ಪರಮಣ್ಣ ಸಮಾಧಾನ ಮಾಡಿಕೊಂಡ. ಚನ್ನಯ್ಯನಾದರೂ ಅಸಲಿ ಸಾಹೇಬನನ್ನು ಕಂಡಿದ್ದಾನೆ. ಅವನು ಹೇಗಿದ್ದ ಅಂತ ಮೇಡಂಗೆ ಹೇಳಿ, ಕಾಲು ಹಿಡಿದು, ಇಬ್ಬರೂ ಕೂಡಿ ತಪ್ಪು ಒಪ್ಪಿಕೊಂಡರೆ ಮಾಸ್ತರು ಕರಗಬಹುದು.

"ನೀ ಒರಸೋ ಮೊದಲು ಮುಖ ಹೆಂಗಿತ್ತು ಕಾಕಾ?"

"ದಾಡಿ ಇತ್ತು" ಅಂದ ಚನ್ನಯ್ಯ. "ಎದಿ ತನಕ ಬಿಳಿ ದಾಡಿ. ನನಗಿಂತ ಮೊದಲು ಅಲ್ಲಿ ಗುಡ್ಡುಸಾಬ ಅಂತ ಜವಾನ ಇದ್ದ. ಅವಗೂ ಅಷ್ಟೇ ಉದ್ದ ದಾಡಿ ಇತ್ತು ನೋಡು."

ಪರಮಣ್ಣನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಪ್ಪನಿರಬೇಕು ಎಂದು ನೋಡದೆಯೇ ಎತ್ತಿದ. ಮಾಸ್ತರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಡಗರ ಹೆಚ್ಚಾಗಿತ್ತು. ಮಾರ್ಗ್ರೀತ್ ಅವರು ಯಾದಗಿರಿಯ ದಾರಿಯಲ್ಲಿ ಕಾರಿನಲ್ಲೇ ಚೀಲ ಎಲ್ಲಾ ಹುಡುಕಿದರಂತೆ, ಇನ್ನೊಂದು ಕಾಗದ ಸಿಕ್ಕಿತಂತೆ. ಅವರ ಅಜ್ಜನೂ ಹಿಂದೊಮ್ಮೆ ಸುರಪುರಕ್ಕೆ ಬಂದವನು, ಆ ಪಟ ನೋಡಿ ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡು ಹೋದವನು. ಆ ನಕಲಿನಲ್ಲಿರುವ ಸಾಹೇಬನಿಗೆ ಎದೆಯ ತನಕ ದಾಡಿ ಇದೆ. ಅಂದಮೇಲೆ ಅಣ್ಣತಮ್ಮಂದಿರು ಮೂವರು. ಸೋಮವಾರ ಎರಡು ಪಟ ಬರಬೇಕು. ಮಾರ್ಗ್ರೀತ್ ಅವರ ಕಾಕಾನ ಮಕ್ಕಳು ಹಾಲೆಂಡಿನಲ್ಲಿ ಇನ್ನೂ ನಾಲ್ಕು ಮಂದಿ ಇದ್ದಾರಂತೆ, ಅವರ ಮನೆಗಳಲ್ಲೂ ಇದೇ ಪಟದ ಹಳೆಯ ನಕಲುಗಳಿವೆಯಂತೆ, ಎಲ್ಲರಿಗೂ ಈಗ ತಾನೇ ಬರೆದಿದ್ದಾರೆ.

ಪರಮಣ್ಣ ಫೋನು ಕಿಸೆಗೆ ಹಾಕಿದ. ಮೂಗಿನ ಕೆಳಗಿನ ಬೋಳು ಜಾಗಕ್ಕೆ ಗಾಳಿ ತಣ್ಣಗೆ ತಾಗುತ್ತಿತ್ತು.

"ಕಾಕಾ, ಗುಡ್ಡುಸಾಬಗಿಂತ ಮೊದಲು ಅಲ್ಲಿ ಜವಾನರು ಎಷ್ಟು ಮಂದಿ ಇದ್ರು?" ಎಂದು ಕೇಳಿದ.

ಚನ್ನಯ್ಯ ನೆನಪು ಮಾಡಿಕೊಂಡು ಒಂದೊಂದೇ ಹೆಸರು ಹೇಳುತ್ತ ಬೆರಳು ಮಡಚತೊಡಗಿದ. ಎಡಗೈ ಮುಗಿಯಿತು. ಬಲಗೈ ಎತ್ತಿದ.